ಬನ್ನಿಗಡ್ಡಿಯ ಚರಗ

ಆ ವರ್ಷದ ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ನಾನು ನನ್ನ ಹೆಂಡತಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಲಿಂಗಸುಗೂರಿನ ಬಜಾರದ ನಟ್ಟನಡುವೆ ಹಾದುಹೋದೆ. ಹಿಂದಿನ ಓಣಿಯಿಂದ ಹೋಗಬಹುದಿತ್ತು, ಹೋಗಲಿಲ್ಲ. ನಾಲ್ಕು ಜನ ನೋಡಲಿ ಎಂದೇ ಬಜಾರ ಹಿಡಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಹೇಳುತ್ತಾಳೆ. ಅದು ಸುಳ್ಳು. ಈ ಸಿಟ್ಟನ್ನು ನಾನು ಒಂದು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡು ತಿರುಗಿದ್ದೆ.

ಎಳ್ಳ ಅಮಾವಾಸ್ಯೆ ಎಂದರೆ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುವ ದಿನ. ಬಿಳಿಜೋಳ ತೆನೆ ಕಟ್ಟುವ ಹೊತ್ತು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ಹೆಂಗಸರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡುಬು, ಮೊಸರು ಕಲಸಿದ ಬಾನ ಎಲ್ಲ ಮಾಡಿ ಬುಟ್ಟಿ ತುಂಬುತ್ತಾರೆ. ಹೊಲದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿ, ಮುತ್ತೈದೆಯರ ಉಡಿಗೆ ಕಾಳು ಕೊಬ್ಬರಿ ತುಂಬಿ, ಆಮೇಲೆ ಆ ಅಡುಗೆಯನ್ನು ಬೆಳೆಯ ಮೇಲೆಲ್ಲ ಚೆಲ್ಲುತ್ತಾರೆ. ಅದೇ ಚರಗ. ಭೂಮಿತಾಯಿ ಉಂಡ ಮೇಲೆ ನಮ್ಮ ಊಟ.

ಹಿಂದಿನ ವರ್ಷ ನಾನು ನಸುಕಿನಲ್ಲೇ ನಡೆದುಕೊಂಡು ಹೊಲಕ್ಕೆ ಹೋಗಿದ್ದೆ. ಹಿಂದಿನಿಂದ ಚಕ್ಕಡಿ ಬಂತು. ಅಣ್ಣ ದೊಡ್ಡಬಸಪ್ಪ ಇಳಿದ, ಅತ್ತಿಗೆ ಗುರುಲಿಂಗಮ್ಮ ಇಳಿದಳು, ಅವ್ವ ಇಳಿದಳು, ಬುಟ್ಟಿಗಳು ಇಳಿದವು. ನನ್ನ ಹೆಂಡತಿ ಇಳಿಯಲಿಲ್ಲ.

"ಎಲ್ಲಿ ಆಕಿ?" ಎಂದೆ.

"ಮನಿ ಕಾಯಾಕ ಒಬ್ಬರು ಬೇಕಲ್ಲೋ," ಎಂದಳು ಅವ್ವ, ನನ್ನ ಮುಖ ನೋಡದೆ.

ನಮ್ಮ ಮನೆಯಲ್ಲಿ ಕಳ್ಳರು ಹೊತ್ತೊಯ್ಯುವಂಥದ್ದು ಏನೂ ಇಲ್ಲ. ವಿಷಯ ಬೇರೆಯೇ ಇತ್ತು. ನನ್ನ ಹೆಂಡತಿ ಶೇಖರಮ್ಮ ಮಸ್ಕಿಯವಳು. ಹದಿನಾರರಲ್ಲಿ ಮದುವೆಯಾಗಿ, ವರ್ಷ ತುಂಬುವುದರೊಳಗೆ ಕಾಲರಾ ಬೇನೆಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅಂಥವಳನ್ನು ಮತ್ತೆ ಕೈಹಿಡಿಯುವುದಕ್ಕೆ ನಮ್ಮಲ್ಲಿ ಉಡಿಕಿ ಎನ್ನುತ್ತಾರೆ. ಹಂದರವಿಲ್ಲ, ಬಾಜಾಭಜಂತ್ರಿ ಇಲ್ಲ. ಹೊತ್ತು ಮುಳುಗಿದ ಮೇಲೆ ನಾಲ್ಕು ಹಿರಿಯರ ಮುಂದೆ ಸೀರೆ ಕೊಟ್ಟು, ತಾಳಿ ಕಟ್ಟಿ ಕರೆತರುವುದು. ಹಾಗೆ ಬಂದವಳು ಹೆಂಡತಿ ಹೌದು, ಸೊಸೆ ಹೌದು. ಆದರೆ ಉಡಿ ತುಂಬುವಾಗ, ಚರಗ ಚೆಲ್ಲುವಾಗ ಅವಳನ್ನು ಮುಂದೆ ಕರೆಯುವುದಿಲ್ಲ. ನನಗೂ ಅದು ಎರಡನೆಯ ಸಲವೇ. ಮೊದಲಿನವಳು ಜ್ವರದಲ್ಲಿ ಹೋದಳು. ನನ್ನನ್ನು ಮಾತ್ರ ಯಾರೂ ಮನೆ ಕಾಯಲು ಬಿಟ್ಟುಹೋಗಲಿಲ್ಲ. ರಾತ್ರಿಯೆಲ್ಲ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸಲು ಅವಳ ಕೈ ಬೇಕು, ಹೊಲ ತುಳಿಯಲು ಅವಳ ಕಾಲು ಬೇಡ. ಇದೆಲ್ಲಿಯ ನ್ಯಾಯವೋ ಶಿವನೇ ಬಲ್ಲ.

ಅವ್ವನದೂ ತಪ್ಪು ಎನ್ನಲಾರೆ. ಅವಳೂ ಗಂಡ ಸತ್ತವಳೇ. ಹೊಲಕ್ಕೆ ಬರುತ್ತಾಳೆ, ಪೂಜೆಯ ಹತ್ತಿರ ಸುಳಿಯುವುದಿಲ್ಲ. ದೂರದ ಬೇವಿನ ಗಿಡದ ಕೆಳಗೆ ಕೂತಿದ್ದು, ಎಲ್ಲ ಮುಗಿದ ಮೇಲೆ ಊಟಕ್ಕೆ ಏಳುತ್ತಾಳೆ. ತಾನು ನಡೆಸಿದ ನೇಮವನ್ನು ಸೊಸೆಯೂ ನಡೆಸಲಿ ಎಂಬುದು ಅವಳ ವಿಚಾರ. ಕಠಿಣ ಮನಸ್ಸಿನವಳಲ್ಲ, ಕಠಿಣವಾಗಿ ಬದುಕಿದವಳು.

ಅದಕ್ಕೇ ಈ ವರ್ಷ ಹಬ್ಬ ವಾರವಿರುವಾಗಲೇ ಹೇಳಿಬಿಟ್ಟೆ. "ಅವ್ವ, ಈ ಸಲ ನಾವಿಬ್ಬರೂ ಹೊಲಕ್ಕ ಬರಂಗಿಲ್ಲ. ಮನಿ ಕಾಯಂಗೂ ಇಲ್ಲ. ಬನ್ನಿಗಡ್ಡಿ ನೋಡಾಕ ಹೊಂಟೀವಿ." ಅವ್ವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಶೇಖರಮ್ಮ ಮಾತ್ರ ಮಾಡುತ್ತಿದ್ದ ಕೆಲಸ ಬಿಟ್ಟು ನನ್ನನ್ನೇ ನೋಡಿದಳು. ಗಡ್ಡಿ ಎಂದರೆ ಕೃಷ್ಣಾ ಹೊಳೆಯ ನಡುವಿನ ನಡುಗಡ್ಡೆ. ಅಂಥವು ನಮ್ಮ ತಾಲೂಕಿನಲ್ಲಿ ಹಲವು. ಬನ್ನಿಗಡ್ಡಿ ಎಲ್ಲಕ್ಕಿಂತ ಸಣ್ಣದು. ನಾನು ಕಿರಾಣಿ ಅಂಗಡಿಯವನು. ಅಲ್ಲಿಯ ಜನ ನಮ್ಮಲ್ಲಿಗೆ ಬೆಲ್ಲ, ಉಪ್ಪಿಗೆ ಬರುತ್ತಿದ್ದರು, ನಾನು ಹೋದವನಲ್ಲ. ಅಲ್ಲಿ ಶೇಖರಮ್ಮನ ಹಿಂದುಮುಂದು ಯಾರಿಗೂ ಗೊತ್ತಿರಲಿಲ್ಲ. ಅದೊಂದೇ ನನಗೆ ಬೇಕಾಗಿದ್ದದ್ದು.

ಸೈಕಲ್ಲು ಪೋಲೀಸ್ ಆ್ಯಕ್ಷನ್ ಆದ ಮೇಲೆ ಊರು ಬಿಟ್ಟು ಹೋದ, ನಿಜಾಮರ ಕಂದಾಯ ಕಚೇರಿಯ ಒಬ್ಬ ಗಿರ್ದಾವರ್ ಸಾಹೇಬರಿಂದ ಕೊಂಡದ್ದು. ಏರಿನಲ್ಲಿ ಮುಲುಗುತ್ತಿತ್ತು, ಇಳಿಜಾರಿನಲ್ಲಿ ನನ್ನ ಮಾತು ಕೇಳುತ್ತಿರಲಿಲ್ಲ. ಶೇಖರಮ್ಮ ಏರು ಬಂದ ಕೂಡಲೇ ನಾನು ಹೇಳುವ ಮುಂಚೆಯೇ ಹಾರಿ ಇಳಿದುಬಿಡುತ್ತಿದ್ದಳು. ಒಂದು ಕೈ ಕ್ಯಾರಿಯರಿಗೆ ಕೊಟ್ಟು ನೂಕುತ್ತ, ಇನ್ನೊಂದು ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ನಡೆಯುತ್ತಿದ್ದಳು. ಇಲಕಲ್ಲ ಸೀರೆಯ ಕಚ್ಚೆ ಹಾಕಿದ್ದಳು. ದಾರಿಯ ಎರಡೂ ಕಡೆ ಚಕ್ಕಡಿಗಳು, ಬುಟ್ಟಿ ಹೊತ್ತ ಹೆಂಗಸರು, ಎತ್ತಿನ ಕೊರಳ ಗೆಜ್ಜೆ. ಎಲ್ಲರೂ ತಮ್ಮ ತಮ್ಮ ಹೊಲಕ್ಕೆ. ನಾನು ಹಿಂದೆ ತಿರುಗಿ ಅವಳ ಮುಖ ನೋಡಿದೆ, ಬೇಸರವಾಯಿತೇನೋ ಎಂದು.

"ಮುಂದ ನೋಡಿ ಹೊಡೀರಿ," ಎಂದಳು. "ನನ್ನ ಮುಖದಾಗ ದಾರಿ ಇಲ್ಲ."

ಇಂಥ ಹೆಂಗಸು. ಒಂದು ವರ್ಷದಲ್ಲಿ ಒಮ್ಮೆಯೂ ನನ್ನ ಮುಂದೆ ಅತ್ತವಳಲ್ಲ, ಅತ್ತೆಯ ಮೇಲೆ ಚಾಡಿ ಹೇಳಿದವಳಲ್ಲ. ಹಿಂದಿನ ಎಳ್ಳ ಅಮಾವಾಸ್ಯೆಯ ಸಂಜೆ ನಾನು ಮನೆಗೆ ಬಂದು ಕೂಗಾಡಿದಾಗ, "ಉಂಡು ಕೂಗಾಡ್ರಿ, ಹಸಿದ ಹೊಟ್ಟ್ಯಾಗ ಧ್ವನಿ ಬರಂಗಿಲ್ಲ," ಎಂದು ತಟ್ಟೆ ಇಟ್ಟಿದ್ದಳು. ಆಗ ನಗು ಬಂದು ನನ್ನ ಸಿಟ್ಟು ಅರ್ಧಕ್ಕೇ ನಿಂತಿತ್ತು.

ಹೊತ್ತು ಏರುವಷ್ಟರಲ್ಲಿ ಹೊಳೆ ದಂಡೆಗೆ ಬಂದೆವು. ಅಂಬಿಗರ ಗ್ಯಾನಪ್ಪ ತನ್ನ ತೊಗಲಿನ ಹರಗೋಲನ್ನು ಬಿಸಿಲಿಗೆ ಬೋರಲು ಹಾಕಿಕೊಂಡು ಕೂತಿದ್ದ. ನಮ್ಮನ್ನು ನೋಡಿದ, ಸೈಕಲ್ಲನ್ನು ಇನ್ನೂ ಹೆಚ್ಚು ನೋಡಿದ.

"ಸಾವಕಾರ್ರ, ಕುದುರಿ ದಾಟಿಸೀನಿ, ಎಮ್ಮಿ ದಾಟಿಸೀನಿ. ಈ ಕಬ್ಬಿಣದ ಕತ್ತಿ ದಾಟಿಸಿಲ್ಲ," ಎಂದ. "ಇದರ ಕಾಲು ತೊಗಲಿಗೆ ತಾಗಿದ್ರ ನಡುಹೊಳ್ಯಾಗ ಮೂರೂ ಮಂದಿ ಮೀನ ಎಣಿಸಬೇಕಾಕ್ಕತಿ."

ಪೆಡಲಿಗೆ, ಸ್ಟ್ಯಾಂಡಿಗೆ, ಹ್ಯಾಂಡಲಿನ ತುದಿಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದ. ಹರಗೋಲಿನ ತಳಕ್ಕೆ ಹುಲ್ಲು ಹಾಸಿ ಸೈಕಲ್ಲನ್ನು ಬಾಣಂತಿಯಂತೆ ಮಲಗಿಸಿದ. ಶೇಖರಮ್ಮನಿಗೆ ಕೈ ಹಿಡಿದು ಹತ್ತಿಸಲು ನಾನು ಮುಂದಾದೆ. ಅವಳಾಗಲೇ ಹತ್ತಿ ಕೂತಿದ್ದಳು. ಹುಟ್ಟು ಹಾಕುತ್ತ ಗ್ಯಾನಪ್ಪ ನಮ್ಮಿಬ್ಬರನ್ನೂ ಮತ್ತೊಮ್ಮೆ ನೋಡಿ, "ಎಳ್ಳಮಾಸಿಗೆ ಜೋಡಿ ಬಂದ್ರಿ. ಗಡ್ಡಿಯವ್ರಿಗೆ ಭಾಳ ಖುಷಿ ಆಕ್ಕತಿ," ಎಂದ. ಅತಿಥಿಗಳು ಬಂದರೆ ಖುಷಿಯಾಗುತ್ತದೆ, ಅಷ್ಟೇ ಇರಬೇಕು ಎಂದುಕೊಂಡೆ.

ಗಡ್ಡಿಯ ಸುತ್ತ ಒಂದು ಕಾಲುದಾರಿ ಇದೆ. ಒಂದು ಕಡೆ ಹೊಲ, ಇನ್ನೊಂದು ಕಡೆ ಹೊಳೆ. ಅಂಥ ದಾರಿಯಲ್ಲಿ ಅವಸರ ಮಾಡುವವನು ಮೂರ್ಖ. ಜೋಳ ಆಳೆತ್ತರ ನಿಂತಿತ್ತು, ನಡುನಡುವೆ ಕಡಲೆ, ಅಂಚಿಗೆ ಕುಸುಬಿಯ ಹಳದಿ ಹೂವು. ಹೊಳೆಯ ಬಂಡೆಗಳ ಮೇಲೆ ಬೆಳ್ಳಕ್ಕಿ. ಒಂದು ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ನಾನು ಸೈಕಲ್ ನಿಲ್ಲಿಸಿ, "ಸುಮ್ಮನ ಕುಂದ್ರು," ಎಂದೆ. ಅವಳು ಇಳಿದು ಮುಂದೆ ಬಂದು ಸೈಕಲ್ಲಿನ ಗಂಟೆ ಬಾರಿಸಿದಳು. ಮೊಸಳೆ ದುಡುಂ ಎಂದು ನೀರಿಗೆ ಬಿತ್ತು. ಶೇಖರಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟುಕೊಳ್ಳದೆ, ಹಲ್ಲು ಕಾಣುವ ಹಾಗೆ ನಕ್ಕಳು. ಮದುವೆಯಾಗಿ ವರ್ಷದ ಮೇಲಾಗಿತ್ತು, ಆ ನಗುವನ್ನು ನಾನು ನೋಡಿದ್ದು ಆಗಲೇ. ನಮ್ಮ ಮನೆಯಲ್ಲಿ ಆ ನಗುವಿಗೆ ಜಾಗವಿರಲಿಲ್ಲ ಎಂದು ಹೊಟ್ಟೆ ಉರಿಯಿತು.

ಪ್ರತಿ ಹೊಲದಲ್ಲೂ ನಮ್ಮನ್ನು ತಡೆದರು. ಎಳ್ಳ ಅಮಾವಾಸ್ಯೆಯ ದಿನ ಹೊಲದ ಬದುವಿನಲ್ಲಿ ಹಾದುಹೋಗುವವನು ಉಣ್ಣದೆ ಹೋಗುವ ಹಾಗಿಲ್ಲ. ಬೇಡ ಎಂದರೆ ಭೂಮಿತಾಯಿಗೇ ಬೇಡ ಎಂದಂತೆ. ಮೊದಲ ಹೊಲದಲ್ಲಿ ರೊಟ್ಟಿ, ಪುಂಡಿಪಲ್ಯ. ಮುಂದಿನದರಲ್ಲಿ ಹೋಳಿಗೆ, ತುಪ್ಪ. ಅದರ ಮುಂದಿನದರಲ್ಲಿ ಮತ್ತೆ ಹೋಳಿಗೆ. ಉಂಡವನಿಗೆ ಸೈಕಲ್ ತುಳಿಯಲು ಆಗುವುದಿಲ್ಲ, ತುಳಿದರೆ ಉಂಡದ್ದು ನಿಲ್ಲುವುದಿಲ್ಲ. ಹಾಗಾಗಿ ಸೈಕಲ್ಲನ್ನು ನೂಕಿಕೊಂಡೇ ನಡೆದೆವು. ಶೇಖರಮ್ಮ ತನ್ನ ಗಂಟನ್ನೂ ಬಿಚ್ಚಿ ಎಲ್ಲ ಕಡೆ ತನ್ನ ರೊಟ್ಟಿ ಹಂಚಿದಳು. ಒಬ್ಬ ಮುದುಕಿ ಮುರಿದು ಬಾಯಿಗೆ ಹಾಕಿಕೊಂಡು, "ಇಂಥಾ ಕೈಗೆ ಬಳಿ ಇನ್ನೂ ಹೆಚ್ಚಿರಬೇಕಿತ್ತು," ಎಂದಳು. ಶೇಖರಮ್ಮನ ಮುಖ ಕೆಂಪಾದದ್ದನ್ನು ನಾನು ಪಕ್ಕದಿಂದ ನೋಡಿ ಹಿಗ್ಗಿದೆ.

ನಾವು ಬಂದ ಸುದ್ದಿ ನಮಗಿಂತ ಮುಂಚೆಯೇ ಗಡ್ಡಿ ಸುತ್ತಿತ್ತು. ಎಲ್ಲ ಹೊಲದವರೂ ಕೊನೆಗೆ ಒಂದೇ ಮಾತು ಹೇಳಿ ಕಳಿಸುತ್ತಿದ್ದರು: "ಗದ್ದೆಮ್ಮನ ಹೊಲಕ್ಕ ಹೋಗೂದು ತಪ್ಪಿಸಬ್ಯಾಡ್ರಿ, ನಿಮ್ಮ ಹಾದಿ ಕಾಯಾಕತ್ಯಾರ."

ಗದ್ದೆಮ್ಮನ ಹೊಲ ಗಡ್ಡಿಯ ಪಡುವಲ ಮೂಗಿನಲ್ಲಿತ್ತು. ಹೊಳೆ ಅಲ್ಲಿಗೇ ಬಂದು ಬಡಿದು ಎರಡಾಗಿ ಸೀಳುತ್ತದೆ. ನಾವು ಹೋಗುವಷ್ಟರಲ್ಲಿ ಗಡ್ಡಿಯ ಇಪ್ಪತ್ತು ಮೂವತ್ತು ಜನ ಅಲ್ಲಿ ಸೇರಿದ್ದರು. ಐದು ಕಲ್ಲಿಗೆ ಸುಣ್ಣ ಹಚ್ಚಿ ಇಟ್ಟಿದ್ದರು, ಪೂಜೆ ಇನ್ನೂ ಆಗಿರಲಿಲ್ಲ. ಗದ್ದೆಮ್ಮ ಎಪ್ಪತ್ತರ ಹತ್ತಿರದ, ಒಣಗಿದ ಕಟ್ಟಿಗೆಯ ಹಾಗಿದ್ದ ಮುದುಕಿ. ಮಗ ಮಾನಪ್ಪ ಚರಗದ ಬುಟ್ಟಿ ಹಿಡಿದು ನಿಂತಿದ್ದ. ಸೊಸೆ ಅಮರಮ್ಮನ ಕೈಯಲ್ಲಿ ಹರಿವಾಣ. ಅದರಲ್ಲಿ ಜೋಳ, ಒಣಕೊಬ್ಬರಿ, ಅರಿಷಿಣದ ಕೊಂಬು, ಒಂದು ಕುಬಸದ ಖಣ.

"ಬರ್ರಿ," ಎಂದಳು ಗದ್ದೆಮ್ಮ. "ಮೂರು ವರ್ಷ ಆತು, ಯಾರೂ ಬಂದಿದ್ದಿಲ್ಲ. ಎಳ್ಳಮಾಸಿ ದಿನ ಹೊಳಿ ದಾಟಿ ಗಂಡ ಹೆಂಡ್ತಿ ಬಂದ್ರ ಅವರನ್ನ ಗಂಗಮ್ಮನ ಕಳಿಸ್ಯಾಳ ಅಂತ ನಮ್ಮ ಹಿರ್‍ಯಾರ ಮಾತು. ಈ ಹೊಲದ ಚರಗ ಅವರ ಕೈಲೇ ಆಗಬೇಕು. ಉಡಿ ತುಂಬಿಸ್ಕೋ ಬಾ ಯವ್ವಾ."

ಕೊನೆಯ ಮಾತು ಶೇಖರಮ್ಮನಿಗೆ.

ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು. ನಮ್ಮ ಮನೆಯವರು ಕೊಡದೆ ಇಟ್ಟುಕೊಂಡದ್ದನ್ನು ಗುರುತುಪರಿಚಯವಿಲ್ಲದ ಜನ ಹರಿವಾಣದಲ್ಲಿಟ್ಟು ತಂದು ನಿಂತಿದ್ದಾರೆ. ಅವಳು ಸೆರಗು ಒಡ್ಡಿದರೆ ಮುಗಿಯಿತು. ಆದರೆ ಅವಳು, "ಕಾಲು ತೊಳಕೊಂಡು ಬರ್ತೀನಬೇ," ಎಂದು ನೀರಿನ ಕಡೆ ಇಳಿದಳು. ನಾನೂ ಹಿಂದೆ ಹೋದೆ.

"ಅವರಿಗೆ ಗೊತ್ತಿಲ್ಲ," ಎಂದಳು, ಕಾಲ ಮೇಲೆ ನೀರು ಹಾಕಿಕೊಳ್ಳುತ್ತ.

"ಗೊತ್ತಾಗೂದು ಬ್ಯಾಡ. ನೀ ಸುಮ್ಮನ ಹೋಗಿ ಉಡಿ ಒಡ್ಡು. ಕೇಳಿದವರಿಗೆ ಸುಳ್ಳು ಹೇಳಿಲ್ಲಲ್ಲ ನಾವು?"

"ಕೇಳದಿದ್ರ ಹೇಳಬಾರದಂತೇನು? ಇದು ಹೊಳಿ ಮುಂದಿನ ಹೊಲ ರೀ. ನಾಳಿ ಏನಾರ ಹೆಚ್ಚುಕಮ್ಮಿ ಆದ್ರ, ಆಮ್ಯಾಲೆ ಯಾರಿಂದರ ತಿಳಿದ್ರ, ಆ ಮುದುಕಿ ಮನಸಿಗೆ ಏನನಸ್ತತಿ?"

"ನಿನಗೆ ಬೇಕೋ ಬ್ಯಾಡೋ ಅಷ್ಟ ಹೇಳು."

ಆಗ ಅವಳು ತಲೆ ಎತ್ತಿದಳು. "ಬೇಕು ರೀ," ಎಂದಳು. "ಭಾಳ ಬೇಕು. ಹೋದ ವರ್ಷ ಚಕ್ಕಡಿ ಸಪ್ಪಳ ಓಣಿ ದಾಟೂತನಾ ಕೇಳ್ಕೊಂತ ನಿಂತಿದ್ದೆ. ಆದ್ರ ಕದ್ದು ತಗೊಂಡ್ರ ಅದು ನಂದಾಗಂಗಿಲ್ಲ. ಹೆದರ್‍ಕೊಂತ ಹಿಡ್ಕೊಂಡಿರಬೇಕಾಕ್ಕತಿ."

ನಾನು ಇನ್ನೂ ಏನೋ ಹೇಳಬೇಕೆನ್ನುವಷ್ಟರಲ್ಲಿ ಅವಳು ದಂಡೆ ಹತ್ತಿಬಿಟ್ಟಿದ್ದಳು. ನೇರ ಗದ್ದೆಮ್ಮನ ಮುಂದೆ ನಿಂತು ಕೈ ಮುಗಿದಳು. ಧ್ವನಿ ತಗ್ಗಿಸಲಿಲ್ಲ. ಮಂದಿಯೆಲ್ಲ ಕೇಳುವ ಹಾಗೆ ಹೇಳಿದಳು:

"ಆಯಿ, ನಾ ಉಡಿಕಿ ಆದಾಕಿ. ಮದಲನೇ ಗಂಡ ತೀರ್‍ಕೊಂಡಾನ. ನಮ್ಮ ಮನ್ಯಾಗ ನನಗ ಉಡಿ ತುಂಬಂಗಿಲ್ಲ, ಚರಗಕ್ಕ ಕರಿಯಂಗಿಲ್ಲ. ನಿಮಗ ಗೊತ್ತಿರಲಿ ಅಂತ ಹೇಳೀನಿ. ನೀವು ಬ್ಯಾಡ ಅಂದ್ರ ನನಗ ಸಿಟ್ಟಿಲ್ಲ."

ಅಮರಮ್ಮ ಹಿಡಿದಿದ್ದ ಹರಿವಾಣ ಒಂದಿಷ್ಟು ಕೆಳಗೆ ಇಳಿಯಿತು. ಹಿಂದೆ ನಿಂತ ಹೆಂಗಸರಲ್ಲಿ ಗುಜುಗುಜು ಶುರುವಾಯಿತು. ಮಾನಪ್ಪ ತಾಯಿಯ ಕಿವಿಗೆ ಬಗ್ಗಿ, ಮೆಲ್ಲಗೆ ಹೇಳಿದೆನೆಂದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ: "ಯವ್ವಾ, ಹೊಳಿ ಮುಂದಿನ ಹೊಲ ಐತಿ. ಗಂಗಮ್ಮ ಸಿಟ್ಟಾದ್ರ ಮದಲ ಹೋಗೂದು ನಮ್ಮದು. ವಿಚಾರ ಮಾಡು."

ಮಾನಪ್ಪನ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಅನ್ನ ಆ ಹೊಳೆಯ ಬಾಯಲ್ಲಿತ್ತು. ಸೈಕಲ್ ತಿರುಗಿಸಿಕೊಂಡು ಅವಳನ್ನು ಕರೆದುಕೊಂಡು ಹೋಗಿಬಿಡೋಣ ಎಂದು ಒಂದು ಹೆಜ್ಜೆ ಮುಂದಿಟ್ಟೆ. ಶೇಖರಮ್ಮ ಮಾತ್ರ ನಿಂತ ಜಾಗ ಬಿಡಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಅಷ್ಟು ಜನರ ನಡುವೆ ಅವಳೊಬ್ಬಳೇ ನೆಟ್ಟಗೆ ನಿಂತವಳಂತೆ ಕಂಡಳು. ಇವಳು ನನ್ನ ಹೆಂಡತಿ ಎಂದು ಕೂಗಿ ಹೇಳಬೇಕೆನಿಸಿತು.

ಗದ್ದೆಮ್ಮ ಬೆಳೆಯ ಕಡೆ ನಡೆದು ಒಂದು ಜೋಳದ ದಂಟನ್ನು ಬಗ್ಗಿಸಿ ತೆನೆಯನ್ನು ಅಂಗೈಯಲ್ಲಿ ಹಿಡಿದಳು.

"ಇದು ಯಾವಾಗ ಬಿತ್ತಿದ್ದಲೇ ಮಾನ್ಯಾ?"

"ಮಹಾನವಮಿ ಆದ ಮ್ಯಾಲೆ."

"ಅದಕ್ಕೂ ಮದಲ ಬಿತ್ತಿದ್ದು?"

ಮಾನಪ್ಪ ಹೊಳೆಯ ಕಡೆ ನೋಡಿದ. ಗದ್ದೆಮ್ಮ ನಮ್ಮ ಕಡೆ ತಿರುಗಿದಳು. "ಮದಲ ಬಿತ್ತಿದ್ದು ಮೊಳಕಿ ಒಡೆದಿತ್ತು. ಹೊಳಿ ಬಂದು ತೊಳಕೊಂಡು ಹೋತು. ಹಂಗಂತ ನಾ ಹೊಲಾ ಬೀಳು ಬಿಟ್ಟೇನು? ಮತ್ತ ಬಿತ್ತಿಸಿದೆ. ಈ ತೆನಿ ಎರಡನೇ ಬಿತ್ತಿಗಿದು. ಭೂಮ್ತಾಯಿ ಇದನ್ನ ಹೊಟ್ಟ್ಯಾಗ ಇಟ್ಕೊಳ್ಳಲಿಲ್ಲೇನು? ನಾವು ಇದಕ್ಕ ಚರಗ ಚೆಲ್ಲಾಕ ಬಂದಿಲ್ಲೇನು?" ದಂಟನ್ನು ಬಿಟ್ಟಳು, ಅದು ನೆಟ್ಟಗಾಯಿತು. "ಸುಳ್ಳು ಹೇಳಿ ಉಡಿ ಒಡ್ಡಿದ್ರ ಗಂಗಮ್ಮ ಸಿಟ್ಟಾಗ್ತಿದ್ದಳೋ ಏನೋ. ಈಕಿ ಖರೇ ಹೇಳ್ಯಾಳ. ಅಮರವ್ವಾ, ತುಂಬು."

ಅಮರಮ್ಮ ಹರಿವಾಣ ಎತ್ತಿದಳು. ಶೇಖರಮ್ಮ ಸೆರಗು ಒಡ್ಡಿದಳು. ಜೋಳ ಬಿತ್ತು, ಕೊಬ್ಬರಿ ಬಿತ್ತು, ಅರಿಷಿಣ, ಖಣ, ಎಲೆ ಅಡಿಕೆ. ಅಮರಮ್ಮ ಅವಳ ಹಣೆಗೆ ಕುಂಕುಮ ಹಚ್ಚಿ, ತಾನೇ ಸೆರಗನ್ನು ಸೊಂಟಕ್ಕೆ ಸಿಗಿಸಿದಳು.

ಪೂಜೆಯಾದ ಮೇಲೆ ಮಾನಪ್ಪ ಬುಟ್ಟಿಯನ್ನು ತಂದು ಶೇಖರಮ್ಮನ ಕೈಗೆ ಕೊಟ್ಟ, ನೀರಿನ ತಂಬಿಗೆ ನನಗೆ. ಅವಳು ಮುಂದೆ, ನಾನು ಹಿಂದೆ. ಚೆಲ್ಲುವವರು "ಹುಲ್ಲುಲ್ಲಿಗ್ಯೋ" ಎಂದು ಕೂಗಬೇಕು, ಹಿಂದಿನವರು "ಚಲ್ಲಂಬ್ರಿಗ್ಯೋ" ಎಂದು ಓಗೊಡಬೇಕು. ಅವಳು ಸಣ್ಣ ದನಿಯಲ್ಲಿ ಶುರುಮಾಡಿಯಾಳು ಎಂದುಕೊಂಡೆ. ಅವಳು ಕೂಗಿದ ಕೂಗಿಗೆ ಬಂಡೆಯ ಮೇಲಿನ ಬೆಳ್ಳಕ್ಕಿಗಳೆಲ್ಲ ಎದ್ದವು. ನಾನು ಅವಳನ್ನೇ ನೋಡುತ್ತ ಓಗೊಡಲು ತಡಮಾಡಿದೆ. ಅವಳು ಹಿಂದೆ ತಿರುಗಿ, "ಉಂಡಿದ್ದು ಹೆಚ್ಚಾತೇನ್ರಿ?" ಎಂದಳು. ಜನ ನಕ್ಕರು. ಮಾನಪ್ಪನೂ ನಕ್ಕ. ಹೊಳೆಯ ಅಂಚಿನವರೆಗೂ ನಡೆದು, ಉಳಿದ ಒಂದು ಹಿಡಿಯನ್ನು ಅವಳು ನೀರಿಗೇ ಎಸೆದಳು.

ಹರಗೋಲು ದಾಟಿ ಈಚೆ ದಂಡೆಗೆ ಬಂದಾಗ ಬಿಸಿಲು ಇಳಿದಿತ್ತು. ಗ್ಯಾನಪ್ಪ ದಾಟಿಸಿದ್ದಕ್ಕೆ ಕಾಸು ಮುಟ್ಟಲಿಲ್ಲ. ಉಡಿಯ ಕಡೆ ನೋಡಿ ಕೈ ಮುಗಿದ. ಶೇಖರಮ್ಮ ಕ್ಯಾರಿಯರಿನ ಮೇಲೆ ಕೂತು, ತುಂಬಿದ ಉಡಿಯನ್ನು ಎರಡೂ ಕೈಯಿಂದ ಹಿಡಿದಳು. ನನ್ನನ್ನು ಹಿಡಿದುಕೊಳ್ಳಲು ಕೈ ಉಳಿದಿರಲಿಲ್ಲ. ನಾನು ಒಂದು ಕಲ್ಲೂ ತಾಗದಂತೆ ಸೈಕಲ್ ನಡೆಸಿದೆ.

ಊರು ಹತ್ತಿರವಾದಂತೆ ನನಗೆ ಹೆದರಿಕೆ ಶುರುವಾಯಿತು. ಬೆಳಿಗ್ಗೆ ಬಜಾರ ಹಿಡಿದ ಗಂಡಸ್ತನ ಎಲ್ಲಿ ಹೋಯಿತೋ. ಗಡ್ಡಿಯವರು ಒಪ್ಪಿದರು ಎಂದು ಅವ್ವ ಒಪ್ಪುತ್ತಾಳೆಯೆ? ಹಬ್ಬದ ದಿನ ಹೊಸ್ತಿಲಲ್ಲಿ ಒಂದು ಮಾತು ಅಂದುಬಿಟ್ಟರೆ, ಇವಳು ಬೆಳಗಿನಿಂದ ಗಳಿಸಿದ್ದೆಲ್ಲ ಅಲ್ಲೇ ನೆಲಕ್ಕೆ ಬೀಳುತ್ತದೆ.

"ಇಲ್ಲೇ ಉಡಿ ಬಿಚ್ಚಿ ಗಂಟು ಕಟ್ಟಿಬಿಡು," ಎಂದೆ. "ಅವ್ವಗ ಆಮ್ಯಾಲೆ ನಿಧಾನಕ್ಕ ಹೇಳೂಣು."

"ತುಂಬಿದ ಉಡಿ ದಾರ್‍ಯಾಗ ಬಿಚ್ಚಬಾರದು. ದೇವರ ಮುಂದ ಬಿಚ್ಚಬೇಕು," ಎಂದಳು. "ದೇವರು ನಮ್ಮ ಮನ್ಯಾಗೂ ಅದಾನಲ್ಲ."

ನಮ್ಮ ಮನೆಯ ಮುಂದೆ ಎತ್ತು ಬಿಚ್ಚಿದ ಚಕ್ಕಡಿ ನಿಂತಿತ್ತು. ಹೊಲಕ್ಕೆ ಹೋದವರು ಬಂದಿದ್ದರು. ದೀಪ ಹಚ್ಚುವ ಹೊತ್ತು. ಅತ್ತಿಗೆ ಪಡಸಾಲೆಯಲ್ಲಿ ಬುಟ್ಟಿ ತೆರವು ಮಾಡುತ್ತಿದ್ದಳು. ಅವ್ವ ಹೊಸ್ತಿಲ ಹತ್ತಿರವೇ ಕೂತಿದ್ದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಶೇಖರಮ್ಮನ ಹಣೆಯ ಕುಂಕುಮವನ್ನು, ಆಮೇಲೆ ಸೊಂಟದ ಉಡಿಯನ್ನು. ಎದ್ದು ನಿಂತಳು. ಅತ್ತಿಗೆಯ ಕೈಯೂ ನಿಂತಿತು.

"ಯಾರು ತುಂಬಿದ್ರು?" ಎಂದಳು ಅವ್ವ.

"ಬನ್ನಿಗಡ್ಡಿ ಗದ್ದೆಮ್ಮ ಅಂಬಾಕಿ, ಅತ್ತಿ. ಚರಗಾನೂ ನನ್ನ ಕೈಲೇ ಚೆಲ್ಲಿಸಿದ್ರು."

"ಅವರಿಗೆ ಗೊತ್ತಿಲ್ಲದಕ್ಕ ತುಂಬ್ಯಾರ."

"ಹೇಳಿದೆ ಅತ್ತಿ. ಎಲ್ಲಾರ ಮುಂದ ಹೇಳಿದೆ. ಹೇಳಿದ ಮ್ಯಾಲೇ ತುಂಬಿದ್ರು."

ಅವ್ವ ನನ್ನ ಕಡೆ ತಿರುಗಿದಳು, ನಿಜವೇ ಎನ್ನುವ ಹಾಗೆ. ನಾನು ಹೌದೆಂದು ತಲೆಯಾಡಿಸಿದೆ. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಅವ್ವ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಒಳಗ ಬಾ," ಎಂದಳು. "ಬಲಗಾಲಿಟ್ಟು ಬಾ."

ಶೇಖರಮ್ಮ ದೇವರ ಜಗಲಿಯ ಮುಂದೆ ಕೂತು ಉಡಿ ಬಿಚ್ಚಿದಳು. ತುಂಬಿದ ಉಡಿಯ ಕಾಳನ್ನು ಮೊದಲು ಮನೆಯ ಮುತ್ತೈದೆಯ ಸೆರಗಿಗೆ ಹಾಕುವುದು ನಮ್ಮಲ್ಲಿ ವಾಡಿಕೆ. ಅತ್ತಿಗೆ ಎದ್ದು ಬಂದಳು. ಬಂದವಳು ಅರ್ಧದಲ್ಲೇ ನಿಂತಳು. ಯಾಕೆಂದರೆ ಅವಳಿಗಿಂತ ಮುಂಚೆ ಅವ್ವ ಬಂದು ಶೇಖರಮ್ಮನ ಎದುರು ನೆಲದ ಮೇಲೆ ಕೂತಿದ್ದಳು. ತನ್ನ ಮಾಸಿದ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಒಡ್ಡಿದ್ದಳು.

ಗಂಡ ಸತ್ತವಳ ಸೆರಗಿಗೆ ಉಡಿಯ ಕಾಳು ಹಾಕಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಶೇಖರಮ್ಮನ ಕೈ ತಡೆಯಿತು.

"ಹಾಕಬೇ," ಎಂದಳು ಅವ್ವ. ಆ ಧ್ವನಿ ನಮ್ಮವ್ವನದೇ ಎಂದು ನನಗೆ ತಿಳಿಯಲು ಹೊತ್ತು ಹಿಡಿಯಿತು. "ನಿಮ್ಮ ಮಾವ ಹೋದಾಗಿಂದ ಈ ಸೆರಗಿಗೆ ಯಾರೂ ಏನೂ ಹಾಕಿಲ್ಲ."

ಶೇಖರಮ್ಮ ಒಂದು ಹಿಡಿ ಹಾಕಲಿಲ್ಲ. ಉಡಿಯನ್ನೇ ಎತ್ತಿ, ಕಾಳು ಕೊಬ್ಬರಿ ಸಮೇತ ಅರ್ಧಕ್ಕರ್ಧ ಅವ್ವನ ಸೆರಗಿಗೆ ಸುರಿದಳು.